ಜೋಗುಳವೊಂದು ಯುದ್ಧವಿರೋಧಿ ಹಾಡಾದ ಬಗೆ

ಯುದ್ಧವನ್ನು ವಿರೋಧಿಸುವ ಹಾಡುಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ‘ವೇರ್ ಹ್ಯಾವ್ ಆಲ್ ದ ಫ್ಲವರ್ಸ್ ಗಾನ್’ ಒಂದು. ಅಮೆರಿಕದ ಪೀಟ್ ಸೀಗರ್ 1955ರಲ್ಲಿ ಕಟ್ಟಿದ ಈ ಹಾಡಿನಲ್ಲಿ ಯುದ್ಧವನ್ನು ಹಳಿಯುವ ಒಂದು ಮಾತೂ ಇಲ್ಲ. ಶತ್ರುವಿಲ್ಲ, ದೇಶದ ಹೆಸರಿಲ್ಲ, ಗುಂಡಿನ ಸದ್ದಿಲ್ಲ, ರಕ್ತವಿಲ್ಲ. ಹೂಗಳ ಬಗ್ಗೆ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ಆ ಉತ್ತರದಲ್ಲಿ ಬಂದ ಹುಡುಗಿಯರ ಬಗ್ಗೆ ಮತ್ತೊಂದು ಪ್ರಶ್ನೆ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಚಿಕ್ಕ ಮಕ್ಕಳೂ ಎರಡನೇ ಸಲಕ್ಕೆ ಜೊತೆಗೂಡಿ ಹಾಡಬಲ್ಲಷ್ಟು ಸರಳ.

ಇಂಥ ಹಾಡು ಇಪ್ಪತ್ತನೇ ಶತಮಾನದ ಯುದ್ಧವಿರೋಧಿ ದನಿಯಾದದ್ದು ಹೇಗೆ? ಇದು ಜನಪದವೋ, ಒಬ್ಬರ ರಚನೆಯೋ? ಯಾವ ಯುದ್ಧವನ್ನು ಕುರಿತದ್ದು? ಈ ಹಾಡಿನ ಬಗ್ಗೆ ಅರವತ್ತು ಎಪ್ಪತ್ತು ವರ್ಷಗಳಿಂದ ನಡೆದಿರುವ ಮಾತೆಲ್ಲ ಈ ಪ್ರಶ್ನೆಗಳ ಸುತ್ತಲೇ ಇದೆ. ಹಾಡಿನ ಅರ್ಥ ಅದರ ಮಾತುಗಳಿಗಿಂತ ಹೆಚ್ಚಾಗಿ ಅದರ ಸರಪಳಿಯಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಆ ಸರಪಳಿಯನ್ನು ಒಬ್ಬರಾದ ಮೇಲೊಬ್ಬರು ಎಲ್ಲಿಗೆ ತಂದು ನಿಲ್ಲಿಸಿದರು ಎಂಬುದನ್ನು ನೋಡುತ್ತ ಹೋದರೆ ಅರ್ಥವೂ ತಾನಾಗಿ ತೆರೆದುಕೊಳ್ಳುತ್ತದೆ.

ಮೂಲ ಸಿಗುವುದು ರಷ್ಯಾದ ಡಾನ್ ನದಿಯ ದಂಡೆಯಲ್ಲಿ. ಮಿಖಾಯಿಲ್ ಶೋಲೊಖೊವ್ 1928ರಿಂದ 1940ರವರೆಗೆ ಕಂತುಕಂತಾಗಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ಆ್ಯಂಡ್ ಕ್ವಯಟ್ ಫ್ಲೋಸ್ ದ ಡಾನ್’ ಎಂದು ಹೆಸರಾದ ಕಾದಂಬರಿಯ ಮೊದಲ ಭಾಗದಲ್ಲೇ ಒಂದು ರಾತ್ರಿಯ ಸನ್ನಿವೇಶವಿದೆ. ಕಥಾನಾಯಕ ಗ್ರಿಗೊರಿ ಮೊದಲ ಕೋಳಿ ಕೂಗಿದ ಮೇಲೆ ಮನೆಗೆ ಬಂದು ಮಲಗಿದ್ದಾನೆ. ಪಕ್ಕದ ಕೋಣೆಯಲ್ಲಿ ಅತ್ತಿಗೆ ದಾರ್ಯಾ ಅಳುವ ಕೂಸನ್ನು ತೊಟ್ಟಿಲಲ್ಲಿ ತೂಗುತ್ತ ಜೋಗುಳ ಹಾಡುತ್ತಿದ್ದಾಳೆ. ಅಣ್ಣ ಪ್ಯೋತ್ರ ಬೆಳಗಾದರೆ ಸೈನ್ಯದ ಶಿಬಿರಕ್ಕೆ ಹೊರಡಬೇಕು, ಈ ಸಲ ಹುಲ್ಲು ಕೊಯ್ಯುವಾಗ ಅವನಿರುವುದಿಲ್ಲ ಎಂದು ಗ್ರಿಗೊರಿ ನಿದ್ದೆಗಣ್ಣಿನಲ್ಲೇ ನೆನೆಯುತ್ತಾನೆ. ತೊಟ್ಟಿಲು ಕಿರುಗುಟ್ಟುತ್ತಿದೆ, ಹಾಡು ಸಾಗಿದೆ.

ಆ ಜೋಗುಳಕ್ಕೆ ‘ಕೊಲೊದಾ ದುದಾ’ ಎಂದು ಹೆಸರು. ಅದು ಪ್ರಶ್ನೋತ್ತರದ ಪದ. ಕುದುರೆ ಕಾಯುತ್ತಿದ್ದ ಮಾತಿನಿಂದ ಶುರುವಾಗಿ, ಚಿನ್ನದ ಕುಚ್ಚಿನ ತಡಿ ಬಿಗಿದ ಕುದುರೆಗೆ ಬರುತ್ತದೆ. ಅಲ್ಲಿಂದ ಹೆಬ್ಬಾಗಿಲು, ಅದನ್ನು ಕೊಚ್ಚಿಕೊಂಡು ಹೋದ ನೀರು, ಬಾತುಗಳು, ಅವು ಹೊಕ್ಕ ಜೊಂಡು, ಆ ಜೊಂಡನ್ನು ಕೊಯ್ದ ಹುಡುಗಿಯರು, ಅವರ ಮದುವೆ, ಕೊನೆಗೆ ದಂಡಿಗೆ ಹೋದ ಕೊಸಾಕರು. ಹಾಡು ಅಲ್ಲಿಗೆ ಮುಗಿಯುತ್ತದೆ. ಕೊಸಾಕ ಗಂಡಸು ಸೈನ್ಯದ ಚಾಕರಿಗೆ ಸ್ವಂತ ಕುದುರೆ, ಸ್ವಂತ ತಡಿಯೊಂದಿಗೆ ಹಾಜರಾಗಬೇಕಿತ್ತು. ಅವರ ಭೂಮಿಯ ಹಕ್ಕಿಗೂ ಆ ಚಾಕರಿಗೂ ಗಂಟು ಬಿದ್ದಿತ್ತು. ಹಾಗಾಗಿ ಮೊಲೆಗೂಸಿನ ಹಾಡಿನಲ್ಲಿ ಕುದುರೆಯೂ ದಂಡೂ ಬಂದದ್ದರಲ್ಲಿ ಆ ಊರಿನವರಿಗೆ ಅಚ್ಚರಿಯೇನಿರಲಿಲ್ಲ. ಬಾತು ಜೊಂಡಿಗೆ ಹೋಗುವಷ್ಟೇ ಸಹಜವಾಗಿ ಗಂಡಸರು ಯುದ್ಧಕ್ಕೆ ಹೋಗುತ್ತಿದ್ದರು. ಜೋಗುಳ ಯುದ್ಧವನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಅದು ಊರಿನ ಬದುಕಿನ ಒಂದು ಸಂಗತಿ, ಅಷ್ಟೆ. ಆದರೆ ಶೋಲೊಖೊವ್ ಈ ಹಾಡನ್ನು ಇಟ್ಟಿರುವ ಜಾಗ ನೋಡಿ. ಒಂದು ಮಹಾಯುದ್ಧ, ಒಂದು ಕ್ರಾಂತಿ, ಒಂದು ಅಂತರ್ಯುದ್ಧ ಸೇರಿ ಆ ಇಡೀ ಸಂಸಾರವನ್ನು ನುಂಗಿಹಾಕುವ ಕಥೆಯ ಹೊಸ್ತಿಲಲ್ಲಿ ಅದು ಕೇಳಿಸುತ್ತದೆ. ಕಾದಂಬರಿಯನ್ನು ಓದಿ ಮುಗಿಸಿದವರು ಈ ಪುಟಕ್ಕೆ ಮರಳಿದರೆ ಆ ಕೊನೆಯ ಉತ್ತರ ಮೊದಲಿನಂತೆ ಕೇಳಿಸುವುದಿಲ್ಲ.

ಈ ಪುಸ್ತಕ ಸೀಗರ್ ಕೈಗೆ ಬಂದದ್ದು ಇಂಗ್ಲಿಷ್ ಅನುವಾದದಲ್ಲಿ. ಯುದ್ಧ ಅವರ ಮನೆತನಕ್ಕೆ ದೂರದ ವಿಷಯವಾಗಿರಲಿಲ್ಲ. ಚಿಕ್ಕಪ್ಪ ಅಲನ್ ಸೀಗರ್ ಕವಿ. ಫ್ರಾನ್ಸಿನ ವಿದೇಶೀ ದಳಕ್ಕೆ ಸೇರಿ 1916ರಲ್ಲಿ ಸೋಮ್ ಕದನದಲ್ಲಿ ಸತ್ತರು. ತಂದೆ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರಜ್ಞ. ಅದೇ ಮಹಾಯುದ್ಧವನ್ನು ಬಹಿರಂಗವಾಗಿ ವಿರೋಧಿಸಿ ಬರ್ಕ್ಲಿಯ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. 1919ರಲ್ಲಿ ಹುಟ್ಟಿದ ಪೀಟ್ ಸ್ವತಃ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದು ಪೆಸಿಫಿಕ್ ದ್ವೀಪಗಳಲ್ಲಿ ಸೇವೆ ಸಲ್ಲಿಸಿದವರು. ಒಂದೇ ಮನೆಯಲ್ಲಿ ಯುದ್ಧಕ್ಕೆ ಒಲಿದು ಹೋದವನು, ಬೇಡವೆಂದವನು, ಕರೆ ಬಂದಾಗ ಹೋದವನು, ಮೂವರೂ ಇದ್ದರು. ಯಾರನ್ನೂ ದೂಷಿಸದ ಹಾಡೊಂದು ಇಂಥವರ ಕೈಯಲ್ಲಿ ಹುಟ್ಟಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

1955ರ ಆಗಸ್ಟ್ 18ರಂದು ಅಮೆರಿಕದ ಪ್ರತಿನಿಧಿ ಸಭೆಯ, ಕಮ್ಯುನಿಸ್ಟರ ಬೇಟೆಗೆ ಕುಖ್ಯಾತವಾಗಿದ್ದ ಸಮಿತಿಯ ಮುಂದೆ ಸೀಗರ್ ಹಾಜರಾದರು. ಸಾಕ್ಷಿಗಳು ಸಾಮಾನ್ಯವಾಗಿ ಸಂವಿಧಾನದ ಐದನೇ ತಿದ್ದುಪಡಿಯ ಆಸರೆ ಪಡೆಯುತ್ತಿದ್ದರು. ಸೀಗರ್ ಹಾಗೆ ಮಾಡಲಿಲ್ಲ. ನನ್ನ ಸಂಗಾತಿಗಳು ಯಾರು, ನಂಬಿಕೆಗಳೇನು ಎಂದು ಕೇಳುವುದೇ ಅನುಚಿತ ಎಂದು ಉತ್ತರಿಸಲು ನಿರಾಕರಿಸಿದರು. 1961ರಲ್ಲಿ ಅವರಿಗೆ ಒಂದು ವರ್ಷದ ಶಿಕ್ಷೆಯಾಯಿತು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅವರಿದ್ದ ವೀವರ್ಸ್ ತಂಡ 1950ರಲ್ಲಿ ದೇಶದಲ್ಲೇ ಅತಿ ಜನಪ್ರಿಯ ಹಾಡು ಕೊಟ್ಟಿತ್ತು. ಕಪ್ಪುಪಟ್ಟಿಗೆ ಸೇರಿದ ಮೇಲೆ ರೇಡಿಯೊ, ಟೆಲಿವಿಷನ್, ದೊಡ್ಡ ಸಭಾಂಗಣಗಳ ಬಾಗಿಲು ಮುಚ್ಚಿದವು. ಉಳಿದದ್ದು ಕಾಲೇಜುಗಳು, ಶಾಲೆಗಳು, ಮಕ್ಕಳ ಬೇಸಿಗೆ ಶಿಬಿರಗಳು. ಹಾಡಿನ ಮುಂದಿನ ಕಥೆಗೆ ಇದು ಮುಖ್ಯ. ಅದು ಹರಡಿದ್ದು ಇದೇ ಹಾದಿಯಲ್ಲಿ.

1955ರ ಅಕ್ಟೋಬರಿನಲ್ಲಿ ಸೀಗರ್ ಒಹಾಯೊದ ಓಬರ್ಲಿನ್ ಕಾಲೇಜಿನ ಕಾರ್ಯಕ್ರಮಕ್ಕೆಂದು ವಿಮಾನದಲ್ಲಿ ಹೊರಟಿದ್ದರು. ಜೇಬಿನಲ್ಲಿದ್ದ ಟಿಪ್ಪಣಿ ಪುಸ್ತಕ ತೆರೆದಾಗ, ಹಿಂದೆಂದೋ ಶೋಲೊಖೊವ್ ಕಾದಂಬರಿಯಿಂದ ಗುರುತು ಹಾಕಿಕೊಂಡಿದ್ದ ಮೂರು ಸಾಲು ಕಣ್ಣಿಗೆ ಬಿದ್ದವು. ಅವಕ್ಕೆ ತಮ್ಮಲ್ಲೇ ಉಳಿದಿದ್ದ ಒಂದೆರಡು ತುಣುಕು ಸೇರಿಸಿ ವಿಮಾನ ಇಳಿಯುವ ಹೊತ್ತಿಗೆ ಮೂರು ನುಡಿಯ ಹಾಡು ಕಟ್ಟಿದರು. ಅಂದು ಸಂಜೆಯೇ ಹಾಡಿಯೂ ಬಿಟ್ಟರು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಕಾದಂಬರಿಯಲ್ಲಿ ಕೊಸಾಕ ಸೈನಿಕರು ಕುದುರೆ ಓಡಿಸಿಕೊಂಡು ದಂಡಿಗೆ ಹೊರಟಾಗ ಹಾಡುವ ಹಾಡಿದು ಎಂದು ಸೀಗರ್ ಮುಂದೆ ಹೇಳುತ್ತಿದ್ದರು. ತೊಟ್ಟಿಲು ತೂಗುವ ತಾಯಿ ಅವರ ನೆನಪಿನಿಂದ ಜಾರಿಹೋಗಿದ್ದಳು. ಎರಡನೆಯದು ಇನ್ನೂ ದೊಡ್ಡದು. ರಷ್ಯನ್ ಮೂಲದಲ್ಲಿ ಹುಡುಗಿಯರು ಕೊಯ್ಯುವುದು ಜೊಂಡನ್ನು. ಸೀಗರ್ ಹೇಳಿಕೆಯಲ್ಲೂ ಹಾಡಿನಲ್ಲೂ ಅದು ಹೂವಾಗಿದೆ. ಜೊಂಡು ಕೊಯ್ಯುವುದು ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡುವ ದುಡಿಮೆ. ಹೂ ಕೊಯ್ಯುವುದು ಹರೆಯದ ಕೆಲಸ, ಹಬ್ಬದ ಕೆಲಸ, ಮುಡಿಯುವವರ ಕೆಲಸ. ಈ ಒಂದು ಬದಲಾವಣೆಯಿಂದ ಹಾಡು ರೈತಾಪಿ ಕೊಸಾಕರ ಹಳ್ಳಿಯನ್ನು ಬಿಟ್ಟು ಯಾವ ಊರಿಗಾದರೂ ಸಲ್ಲುವಂತಾಯಿತು. ಹೂವಿನ ಜೊತೆಗೆ ಇನ್ನೂ ಒಂದು ಸಾಧ್ಯತೆ ಹಾಡಿನೊಳಗೆ ಬಂದು ಕೂತಿತು. ಅದು ಸೀಗರ್ ಕಣ್ಣಿಗೆ ಆಗ ಬೀಳಲಿಲ್ಲ.

ಧಾಟಿಯ ವಿಷಯ ಬೇಗ ಹೇಳಿ ಮುಗಿಸಬಹುದು. ಅದು ತನ್ನದೇ ಎಂದು ಸೀಗರ್ ಮೊದಲು ಭಾವಿಸಿದ್ದರು. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ ಮರ ಕಡಿಯುವವರು ಹಾಡುತ್ತಿದ್ದ ಐರಿಷ್ ಮೂಲದ ಮಟ್ಟೊಂದು ನಿಧಾನವಾಗಿ ಇದರಲ್ಲಿ ಇಳಿದಿದೆ ಎಂದು ಮುಂದೆ ತಿಳಿಯಿತು. ಅದನ್ನು ಅವರು ಮುಚ್ಚಿಡಲಿಲ್ಲ.

ಸೀಗರ್ ಹಾಡು ಮೂರನೇ ನುಡಿಗೆ, ಯುವಕರು ಸಮವಸ್ತ್ರ ತೊಟ್ಟು ಹೋದರೆಂಬಲ್ಲಿಗೆ ನಿಲ್ಲುತ್ತಿತ್ತು. ಜೋಗುಳವೂ ನಿಂತದ್ದು ಅಲ್ಲೇ. ವ್ಯತ್ಯಾಸವಿರುವುದು ಪ್ರತಿ ನುಡಿಯ ಕೊನೆಗೆ ಸೀಗರ್ ಸೇರಿಸಿದ ಪಲ್ಲವಿಯಲ್ಲಿ. ಇವರಿಗೆಲ್ಲ ಬುದ್ಧಿ ಬರುವುದು ಯಾವಾಗ ಎಂಬ ಕೊರಗು ಅದು. ಜೋಗುಳ ಕಂಡದ್ದನ್ನು ಹೇಳಿ ಸುಮ್ಮನಾಗುತ್ತಿತ್ತು, ಸೀಗರ್ ಹಾಡು ನಿಟ್ಟುಸಿರು ಬಿಡುತ್ತದೆ. ಯುದ್ಧವಿರೋಧ ಎಂಬ ಬಣ್ಣ ಮೊದಲು ತಗುಲಿದ್ದು ಇಲ್ಲಿ. ಆದರೂ ಹಾಡು ಪೂರ್ತಿಯಾಗಿರಲಿಲ್ಲ. ಅದು ತೀರಾ ಚಿಕ್ಕದಾಯಿತು ಎಂದು ಕೆಲಕಾಲ ಹಾಡಿ ಅವರೇ ಕೈಬಿಟ್ಟರು. 1960ರ ‘ರೇನ್‌ಬೋ ಕ್ವೆಸ್ಟ್’ ಧ್ವನಿಮುದ್ರಿಕೆಯಲ್ಲಿ ಬೇರೆ ಹಾಡುಗಳ ನಡುವೆ ಅದು ಮೂರೇ ನುಡಿಯಲ್ಲಿ ಬಂದುಹೋಗುತ್ತದೆ.

ಪೂರ್ತಿ ಮಾಡಿದವರು ಜೋ ಹಿಕರ್ಸನ್. ಸೀಗರ್ ಓಬರ್ಲಿನ್‌ನಲ್ಲಿ ಹಾಡಿದ ಕಾಲಕ್ಕೆ ಅಲ್ಲಿ ಓದುತ್ತಿದ್ದವರು; ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜನಪದ ಹಾಡುಗಳ ಸಂಗ್ರಹವನ್ನು ಬಹುಕಾಲ ನೋಡಿಕೊಂಡವರು. 1960ರಲ್ಲಿ ಅವರು ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿದ್ದಾಗ ಎರಡು ನುಡಿ ಕಟ್ಟಿ ಸೇರಿಸಿದರು: ಸೈನಿಕರು ಸ್ಮಶಾನಕ್ಕೆ ಸೇರುತ್ತಾರೆ, ಸ್ಮಶಾನ ಹೂವಾಗುತ್ತದೆ. ಆ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಂಪ್ ವುಡ್‌ಲ್ಯಾಂಡ್ ಎಂಬ ಮಕ್ಕಳ ಶಿಬಿರದಲ್ಲಿ ಹಾಡಿಸಿದರು. ಮಕ್ಕಳು ಅದನ್ನು ಮತ್ತೆ ಮತ್ತೆ ಹಾಡುತ್ತ ಲಯವನ್ನು ಗಟ್ಟಿ ಮಾಡಿದರು. ಹಾಡು ಹೂವಿಗೆ ಮರಳಿ ಬಂದು ಮತ್ತೆ ಮೊದಲಿನಿಂದ ಶುರುವಾಗುವಂತಾಯಿತು.

ನನ್ನ ಪ್ರಕಾರ ಇಡೀ ಚರಿತ್ರೆಯ ಜೀವಾಳ ಇಲ್ಲಿದೆ. ಜೋಗುಳದಲ್ಲಿ ಯುದ್ಧ ಕೊನೆಯ ಉತ್ತರವಾಗಿತ್ತು. ಅದರಾಚೆ ಕೇಳುವುದಕ್ಕೆ ಏನೂ ಇರಲಿಲ್ಲ. ಸೀಗರ್ ಅದನ್ನು ಹಾಗೇ ಉಳಿಸಿಕೊಂಡು ಒಂದು ಕೊರಗು ಸೇರಿಸಿದರು. ಹಿಕರ್ಸನ್ ಸರಪಳಿಯ ಎರಡು ತುದಿಗಳನ್ನು ಕೂಡಿಸಿದ ಮೇಲೆ ಯುದ್ಧ ನಡುವಿನ ಒಂದು ಕೊಂಡಿಯಾಯಿತು. ಆಗಲೇ ಅದು ಹೆಚ್ಚು ಭೀಕರವಾದದ್ದು. ಗೋರಿಯ ಮೇಲೆ ಅರಳಿದ ಹೂವನ್ನು ಮುಂದಿನ ತಲೆಮಾರಿನ ಹುಡುಗಿ ಕೊಯ್ಯುತ್ತಾಳೆ, ಅವಳ ಗಂಡನೂ ಅದೇ ದಾರಿ ಹಿಡಿಯುತ್ತಾನೆ. ಒಂದು ಯುದ್ಧದ ದುಃಖ ಹೇಳುತ್ತಿದ್ದ ಹಾಡು ಎಲ್ಲ ಯುದ್ಧಗಳ ಸುತ್ತು ತೋರಿಸುವ ಹಾಡಾಯಿತು. ಬುದ್ಧಿ ಬರುವುದು ಯಾವಾಗ ಎಂಬ ಪಲ್ಲವಿಗೆ ಪೂರ್ತಿ ತೂಕ ಬಂದದ್ದೂ ಆಮೇಲೆಯೇ, ಏಕೆಂದರೆ ಯಾರಿಗೂ ಬುದ್ಧಿ ಬರಲಿಲ್ಲ ಎಂಬುದನ್ನು ಹಾಡು ಮತ್ತೆ ಮೊದಲಿನಿಂದ ಶುರುವಾಗುವುದರಲ್ಲೇ ತೋರಿಸಿಕೊಡುತ್ತದೆ. ಜೊಂಡು ಜೊಂಡಾಗಿಯೇ ಉಳಿದಿದ್ದರೆ ಈ ಸುತ್ತು ಕೂಡುತ್ತಲೇ ಇರಲಿಲ್ಲ. ಜೊಂಡು ಬೆಳೆಯುವುದು ಹೊಳೆದಂಡೆಯಲ್ಲಿ; ಗೋರಿಯ ಮೇಲೆ ಬೆಳೆಯುವುದು ಹೂವು. ಸೀಗರ್ ತಮಗೇ ತಿಳಿಯದಂತೆ ತೆರೆದಿಟ್ಟ ಬಾಗಿಲಿನಿಂದ ಹಿಕರ್ಸನ್ ಒಳಗೆ ಬಂದರು.

ಕಳೆದುಹೋದವರು ಎಲ್ಲಿ ಎಂದು ಕೇಳುವ ಪದ್ಯಗಳಿಗೆ ಯುರೋಪಿನಲ್ಲಿ ಹಳೆಯ ಪರಂಪರೆಯಿದೆ. ಹದಿನೈದನೇ ಶತಮಾನದ ಫ್ರೆಂಚ್ ಕವಿ ವಿಲ್ಲೋನ್ ಗತಕಾಲದ ಸುಂದರಿಯರನ್ನು ಕುರಿತು ಹೀಗೇ ಕೇಳಿದ್ದಾನೆ. ಹದಿನೆಂಟನೇ ಶತಮಾನದ ಜರ್ಮನ್ ಕವಿ ಯೊಹಾನ್ ಗೆಯೊರ್ಗ್ ಯಾಕೋಬಿ ನೇರಳೆ ಹೂಗಳು ಎಲ್ಲಿ ಹೋದವೆಂದು ಶುರುಮಾಡುವ ಹಾಡೊಂದನ್ನು ಬರೆದಿದ್ದಾನೆ. ಅದು ಸೀಗರ್ ಹಾಡಿನ ಹತ್ತಿರದ ನೆಂಟನಂತೆ ಕಾಣುತ್ತದೆ. ಆದರೆ ಅದರಲ್ಲಿರುವುದು ಹರೆಯ ಬಾಡಿಹೋಗುವ ಸಂಕಟ. ಕಾಲ ಎಲ್ಲರನ್ನೂ ಒಯ್ಯುತ್ತದೆ ಎಂಬುದೇ ಈ ಪರಂಪರೆಯ ಮಾತು. ಕೊಸಾಕ ಜೋಗುಳದ ದಾರಿ ಬೇರೆ. ಅಲ್ಲಿ ಒಬ್ಬರನ್ನೊಬ್ಬರು ಒಯ್ಯುವವರಿದ್ದಾರೆ, ಪ್ರತಿ ಮಾಯವಾಗುವಿಕೆಗೂ ಒಬ್ಬ ಕರ್ತೃವಿದ್ದಾನೆ. ನಮ್ಮಲ್ಲೂ ಅಜ್ಜಿಯರು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡುವ ಪ್ರಶ್ನೋತ್ತರದ ಸರಪಳಿ ಪದಗಳ ನಡೆ ಹೀಗೇ ಇರುತ್ತದೆ. ಕೇಳುವವರಿಗೆ ಮುಂದಿನ ಉತ್ತರ ಗೊತ್ತಿರುವುದರಲ್ಲೇ ಅವುಗಳ ಸುಖ. ಸೀಗರ್ ಹಾಡಿನಲ್ಲಿ ಆ ಸುಖವೇ ತಿರುಗಿ ನೋವಾಗುತ್ತದೆ. ಹುಡುಗರು ಎಲ್ಲಿಗೆ ಹೋಗುತ್ತಾರೆಂದು ಮೊದಲೇ ಗೊತ್ತಿದ್ದೂ ನಾವು ಜೊತೆಗೂಡಿ ಹಾಡುತ್ತೇವೆ.

ಶಿಬಿರದ ಮಕ್ಕಳ ಬಾಯಲ್ಲಿ ಐದು ನುಡಿಯ ಹಾಡು ನ್ಯೂಯಾರ್ಕ್ ನಗರಕ್ಕೆ ಬಂತು. ಗ್ರೀನಿಚ್ ವಿಲೇಜ್‌ನಲ್ಲಿ ‘ಪೀಟರ್, ಪಾಲ್ ಮತ್ತು ಮೇರಿ’ ತಂಡದವರು ಅದನ್ನು ಎತ್ತಿಕೊಂಡರು. ಅವರಿಂದ ಕಿಂಗ್‌ಸ್ಟನ್ ಟ್ರಯೊ ಕಲಿತು 1961ರಲ್ಲಿ ಧ್ವನಿಮುದ್ರಿಸಿತು, ಹಳೆಯ ಜನಪದ ಹಾಡೆಂದೇ ನಂಬಿ. ಸೀಗರ್ ಫೋನ್ ಮಾಡಿದ ಮೇಲೆ ತಂಡದವರು ತಮ್ಮ ಹೆಸರು ತೆಗೆದು ಅವರ ಹೆಸರು ಹಾಕಿದರು. ಹಿಕರ್ಸನ್ ಪಾಲನ್ನು ಸೀಗರ್ ಮರೆಯಲಿಲ್ಲ, ಗೌರವಧನದಲ್ಲಿ ಅವರಿಗೂ ಭಾಗ ಕೊಟ್ಟರು.

ಹಾಗಾದರೆ ಇದು ಜನಪದವೇ? ಕರ್ತೃವಿನ ಹೆಸರು ಗೊತ್ತಿಲ್ಲದ್ದು ಮಾತ್ರ ಜನಪದ ಎನ್ನುವುದಾದರೆ, ಅಲ್ಲ. ಆದರೆ ಹಾಡುಗಳು ಬಾಯಿಂದ ಬಾಯಿಗೆ ದಾಟುತ್ತ ಬದಲಾಗುವ ಕ್ರಮವನ್ನೇ ಜನಪದದ ಲಕ್ಷಣವೆಂದು ಸೀಗರ್ ತಮ್ಮ ತಂದೆಯಿಂದ ಕಲಿತಿದ್ದರು. ಆ ಕ್ರಮ ಇಲ್ಲಿ ತೇದಿ, ಊರು, ಹೆಸರುಗಳ ಸಮೇತ ನಮ್ಮ ಕಣ್ಣೆದುರಿಗಿದೆ. ಬೇರೆ ಹಾಡುಗಳಲ್ಲಿ ಕತ್ತಲಲ್ಲಿ ನಡೆದುಹೋಗುವ ಕೆಲಸ ಇಲ್ಲಿ ಬೆಳಕಿನಲ್ಲಿ ನಡೆಯಿತು ಎಂಬುದಷ್ಟೇ ಭೇದ. ಹೆಸರು ತಿಳಿದ ಮಾತ್ರಕ್ಕೆ ಇದನ್ನು ಜನಪದದಿಂದ ಹೊರಗಿಡುವುದು ಅನ್ಯಾಯ ಎನ್ನುತ್ತೇನೆ.

ವಿಯೆಟ್ನಾಂ ಯುದ್ಧದ ವಿರುದ್ಧ ಬರೆದ ಹಾಡು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ವರ್ಷಗಳನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಹಾಡು ಹುಟ್ಟಿದಾಗ ಕೊರಿಯಾದ ಕದನವಿರಾಮಕ್ಕೆ ಎರಡು ವರ್ಷವಾಗಿತ್ತು, ಅಣುಬಾಂಬ್ ಪರೀಕ್ಷೆಗಳ ಭಯ ಮನೆಮನೆಯಲ್ಲಿತ್ತು. ಅಮೆರಿಕದ ಕಾಲಾಳುಪಡೆ ವಿಯೆಟ್ನಾಂನ ದಾನಾಂಗ್ ಕಡಲತೀರಕ್ಕೆ ಇಳಿದದ್ದು 1965ರ ಮಾರ್ಚಿನಲ್ಲಿ, ಅಂದರೆ ಹತ್ತು ವರ್ಷದ ಮೇಲೆ. ಅದೇ ವರ್ಷ ಜಾನಿ ರಿವರ್ಸ್ ಇದನ್ನು ಕುಣಿತದ ಲಯದಲ್ಲಿ ಹಾಡಿ ಮತ್ತೆ ಜನಪ್ರಿಯಗೊಳಿಸಿದರು. ವಿಯೆಟ್ನಾಂ ಯುದ್ಧವಿರೋಧಿ ಮೆರವಣಿಗೆಗಳು ಬೀದಿಗಿಳಿದಾಗ ಈ ಹಾಡು ಅವಕ್ಕಾಗಿ ಸಿದ್ಧವಾಗಿ ಕಾದಿತ್ತು ಎನ್ನುವುದು ಹೆಚ್ಚು ಸರಿ.

ಹಾಡಿನ ಅರ್ಥ ಅತ್ಯಂತ ಆಳಕ್ಕೆ ಇಳಿದದ್ದು ಅಮೆರಿಕದಲ್ಲಿ ಅಲ್ಲ, ಜರ್ಮನಿಯಲ್ಲಿ. ಬರ್ಲಿನ್ನಿನಲ್ಲಿ ಹುಟ್ಟಿದ ನಟಿ, ಗಾಯಕಿ ಮಾರ್ಲೀನ್ ಡೀಟ್ರಿಖ್ ನಾಜಿಗಳ ಆಹ್ವಾನ ತಿರಸ್ಕರಿಸಿ ಅಮೆರಿಕದ ಪ್ರಜೆಯಾದರು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ರಣರಂಗದ ಸಮೀಪಕ್ಕೇ ಹೋಗಿ ಹಾಡಿದರು. 1960ರಲ್ಲಿ ಹುಟ್ಟುನಾಡಿಗೆ ಬಂದಾಗ ದೇಶದ್ರೋಹಿ ಎಂದು ಕೂಗಿದವರಿದ್ದರು. ಒಬ್ಬ ಹುಡುಗಿ ಅವರ ಮುಖಕ್ಕೆ ಉಗುಳಿದಳು. ಎರಡು ವರ್ಷದ ಮೇಲೆ ಡೀಟ್ರಿಖ್ ಈ ಹಾಡನ್ನು ಹಿಡಿದರು. ಮೊದಲು ಯುನಿಸೆಫ್‌ಗಾಗಿ ನಡೆದ ಕಾರ್ಯಕ್ರಮವೊಂದರಲ್ಲಿ ಫ್ರೆಂಚಿನಲ್ಲಿ, ಮುಂದೆ ಜರ್ಮನ್ ಭಾಷೆಯಲ್ಲಿ. ಜರ್ಮನ್ ಮಾತುಗಳನ್ನು ಬರೆದ ಮಾಕ್ಸ್ ಕೋಲ್ಪೆಟ್ ಯಹೂದಿ; ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಓಡಿದವರು. ಇಂಗ್ಲಿಷಿಗಿಂತ ಜರ್ಮನ್ ಪಾಠವೇ ಹಾಡಲು ಚೆನ್ನ ಎಂದು ಸೀಗರ್ ಮೆಚ್ಚಿದ್ದರು. ಇಸ್ರೇಲಿನಲ್ಲಿ ವೇದಿಕೆಯ ಮೇಲೆ ಜರ್ಮನ್ ಭಾಷೆ ಕೇಳಿಸುವುದೇ ನಿಷಿದ್ಧವೆಂಬಂತಿದ್ದ ಕಾಲದಲ್ಲಿ ಡೀಟ್ರಿಖ್ ಅಲ್ಲಿ ಅದೇ ಭಾಷೆಯಲ್ಲಿ ಇದನ್ನು ಹಾಡಿದರು. ಸಭಿಕರು ಪ್ರೀತಿಯಿಂದ ಸ್ವೀಕರಿಸಿದರು.

ಡೀಟ್ರಿಖ್ ಧ್ವನಿಮುದ್ರಿಕೆಯನ್ನು ಸೀಗರ್ ಧ್ವನಿಮುದ್ರಿಕೆಯ ಪಕ್ಕದಲ್ಲಿಟ್ಟು ಕೇಳಬೇಕು. ಸೀಗರ್ ಸಭೆಯನ್ನು ಜೊತೆಗೂಡಿಸಿಕೊಳ್ಳುತ್ತಾರೆ. ಮುಂದಿನ ಸಾಲನ್ನು ಮೊದಲೇ ಹೇಳಿಕೊಟ್ಟು ಸಾವಿರ ಕಂಠಗಳಿಗೆ ಬಿಡುತ್ತಾರೆ. ಡೀಟ್ರಿಖ್ ಒಂಟಿಯಾಗಿ, ಅರ್ಧ ಮಾತು ಅರ್ಧ ಹಾಡು ಎಂಬಂತೆ ಸಣ್ಣ ದನಿಯಲ್ಲಿ ಶುರುಮಾಡಿ ನುಡಿಯಿಂದ ನುಡಿಗೆ ಏರುತ್ತಾರೆ; ಸೈನಿಕರ ನುಡಿಗೆ ಬರುವಾಗ ಅದು ಹೆಚ್ಚುಕಡಿಮೆ ಆರೋಪದ ದನಿ. ತಮ್ಮದೇ ತಲೆಮಾರಿನ ಜನರ ಮುಂದೆ ನಿಂತು ಅವರ ಭಾಷೆಯಲ್ಲೇ ಕೇಳಿದಾಗ, ಪಲ್ಲವಿಯ ಪ್ರಶ್ನೆ ಯಾರಿಗೆ ಎಂಬ ಸಂಶಯವೇ ಉಳಿಯುವುದಿಲ್ಲ.

ಜರ್ಮನಿಯ ಸ್ಕೇಟಿಂಗ್ ತಾರೆ ಕಟಾರಿನಾ ವಿಟ್ 1994ರ ಲಿಲ್ಲೆಹಾಮರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇದೇ ಹಾಡಿನ ಸಂಗೀತಕ್ಕೆ ಮಂಜುಗಡ್ಡೆಯ ಮೇಲೆ ಜಾರಿದರು. ಹತ್ತು ವರ್ಷದ ಹಿಂದೆ ತಮಗೆ ಮೊದಲ ಚಿನ್ನ ಕೊಟ್ಟ ಸರಾಯೆವೊ ಆಗ ಮುತ್ತಿಗೆಯಲ್ಲಿ ನರಳುತ್ತಿತ್ತು; ವಿಟ್ ಗೆದ್ದ ಕ್ರೀಡಾಂಗಣ ಶೆಲ್ ದಾಳಿಗೆ ಪಾಳುಬಿದ್ದು, ಅದರ ಪಕ್ಕದ ಬಯಲು ಸ್ಮಶಾನವಾಗಿತ್ತು. ಸ್ಪರ್ಧೆಯಲ್ಲಿ ವಿಟ್‌ಗೆ ಸಿಕ್ಕಿದ್ದು ಏಳನೇ ಸ್ಥಾನ. ಆದರೆ ಹಿಕರ್ಸನ್ ಬರೆದ ನುಡಿ ಅಷ್ಟು ಅಕ್ಷರಶಃ ನಿಜವಾದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಈ ಹಾಡಿನ ಮೇಲಿನ ಆಕ್ಷೇಪವನ್ನೂ ಎದುರಿಸಬೇಕು. ಯುದ್ಧ ಋತುಮಾನದಂತೆ ತಾನಾಗಿ ಬರುವುದಿಲ್ಲ. ಅದನ್ನು ತೀರ್ಮಾನಿಸುವವರಿದ್ದಾರೆ, ಲಾಭ ಮಾಡಿಕೊಳ್ಳುವವರಿದ್ದಾರೆ. ಹೂ ಕೊಯ್ಯುವ ಹುಡುಗಿಯಿಂದ ಗೋರಿಯವರೆಗೆ ಎಲ್ಲರನ್ನೂ ಸುತ್ತಿಬರುವ ಹಾಡು ಸಮವಸ್ತ್ರ ಹಂಚಿದವನನ್ನು ಮಾತ್ರ ತೋರಿಸುವುದಿಲ್ಲ. ಹೀಗಾಗಿ ಎಲ್ಲ ಪಕ್ಷದವರೂ ಕಣ್ಣು ಒದ್ದೆ ಮಾಡಿಕೊಂಡು ಹಾಡಿ ಮನೆಗೆ ಹೋಗಬಹುದು ಎನ್ನುತ್ತಾರೆ ಟೀಕಾಕಾರರು. ಮಾತಿನಲ್ಲಿ ಹುರುಳಿದೆ. ಆದರೆ ಹೆಸರು ಹಿಡಿದು ಹೇಳುವ ಹಾಡಾಗಿದ್ದರೆ ಅದನ್ನು ಡೀಟ್ರಿಖ್ ಜರ್ಮನರ ಎದುರಿಗೂ ಇಸ್ರೇಲಿನವರ ಎದುರಿಗೂ ಹಾಡುವಂತಿರಲಿಲ್ಲ. ಸರಾಯೆವೊ ಹೆಸರಿನಲ್ಲಿ ವಿಟ್ ಅದನ್ನು ಆರಿಸಿಕೊಳ್ಳುವಂತೆಯೂ ಇರಲಿಲ್ಲ.

ಬೆರಳು ಮಾಡಿ ತೋರಿಸಬೇಕಾದ ಹೊತ್ತು ಬಂದಾಗ ಸೀಗರ್ ಹೂಗಳ ಹಾಡನ್ನೇ ನೆಚ್ಚಿ ಕೂರಲಿಲ್ಲ. ವಿಯೆಟ್ನಾಂ ಉರಿಯುತ್ತಿದ್ದಾಗ ‘ವೇಸ್ಟ್ ಡೀಪ್ ಇನ್ ದ ಬಿಗ್ ಮಡ್ಡಿ’ ಬರೆದರು. ಆಳ ಗೊತ್ತಿಲ್ಲದ ಹೊಳೆಯೊಳಗೆ ತನ್ನ ತುಕಡಿಯನ್ನು ಮುಂದೆ ಮುಂದೆ ನಡೆಸುವ ಮೂರ್ಖ ಸೇನಾಧಿಕಾರಿಯ ಕಥೆ ಅದು. ಯಾರ ಬಗ್ಗೆ ಎಂದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು. 1967ರಲ್ಲಿ ಸ್ಮದರ್ಸ್ ಬ್ರದರ್ಸ್ ಕಾರ್ಯಕ್ರಮಕ್ಕೆಂದು ಅವರು ಅದನ್ನು ಹಾಡಿದಾಗ ಸಿಬಿಎಸ್ ವಾಹಿನಿ ಪ್ರಸಾರಕ್ಕೆ ಮುನ್ನ ಕತ್ತರಿಸಿ ತೆಗೆಯಿತು. ಕಾರ್ಯಕ್ರಮದವರು ಜಗಳವಾಡಿ 1968ರ ಫೆಬ್ರುವರಿಯಲ್ಲಿ ಅವರನ್ನು ಮತ್ತೆ ಕರೆಸಿದರು. ಈ ಸಲ ಹಾಡು ಪೂರ್ತಿ ಪ್ರಸಾರವಾಯಿತು.